ಪಕ್ಕದ ಮಳಿಗೆಯ ಅಕ್ಕನಿಗೆ

ಬೆಂಗಳೂರಿನ ಕೈಮಗ್ಗ ಮೇಳದಲ್ಲಿ ನನ್ನ ಪಕ್ಕ ಚನ್ನಪಟ್ಟಣದ ಬೊಂಬೆ ಮಾರುತ್ತಿದ್ದ ಅಕ್ಕ, ನಿಮ್ಮ ಹೆಸರು ಕೇಳಲೇ ಇಲ್ಲ ನೋಡಿ.

ಮೊದಲ ಎರಡು ದಿನ ನನಗೆ ಬೋಣಿ ಆಗಿದ್ದೇ ಸಂಜೆಗೆ. ಯಾರಾದರೂ ಇಳಕಲ್ ಸೀರೆ ಮುಟ್ಟಿದರೆ ಸಾಕು, ಬೆಲೆ, ಬಣ್ಣ, ರಿಯಾಯಿತಿ ಅಂತ ಒಂದೇ ಉಸಿರಲ್ಲಿ ಒದರುತ್ತಿದ್ದೆ. ‘ನೋಡ್ಕೊಂಡು ಬರ್ತೀವಿ’ ಅಂತ ಹೋಗುತ್ತಿದ್ದರು. ಬರುತ್ತಿರಲಿಲ್ಲ, ಗೊತ್ತಲ್ವಾ.

ಮೂರನೇ ದಿನ ನೀವು ಚಹಾ ಕೊಟ್ಟು ಹೇಳಿದಿರಿ: ‘ಸ್ವಲ್ಪ ಸುಮ್ನಿರಮ್ಮ. ಯಾರಿಗೆ, ಏನು ಕಾರ್ಯಕ್ಕೆ ಅಂತ ಮೊದಲು ಕೇಳು.’

ಮುಂದೆ ಬಂದವರನ್ನು ಕೇಳಿದೆ. ಅತ್ತೆಗೆ, ದಿನಾ ಉಡೋಕೆ ಅಂದರು. ಪೂರ್ತಿ ರೇಷ್ಮೆಯದನ್ನು ಪಕ್ಕಕ್ಕಿಟ್ಟು ಹತ್ತಿ ಒಡಲಿನದು ಬಿಡಿಸಿದೆ. ‘ಬೆಲೆ ಜಾಸ್ತಿ ಆಯ್ತು’ ಅಂದಾಗ ಇಳಿಸಲಿಲ್ಲ. ಸೀರೆ ತಿರುಗಿಸಿ, ಒಡಲಿನ ಉದ್ದದ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆ ಸೇರಿಸಿದ ಜಾಗ ತೋರಿಸಿದೆ. ಅದನ್ನೆಲ್ಲ ಕೈಯಲ್ಲೇ ಸೇರಿಸೋದು. ಅವರು ಬೆರಳಾಡಿಸಿ ನೋಡಿದರು. ಎರಡು ತಗೊಂಡರು.

ಎಲ್ಲರೂ ಕೊಳ್ಳಲಿಲ್ಲ ಬಿಡಿ. ಒಬ್ಬರಿಗೆ ಬೇಕಿದ್ದುದು ಮೊಳಕಾಲ್ಮೂರು ಸೀರೆ. ನಾನೇ ಎದುರು ಸಾಲಿಗೆ ಕಳಿಸಿದೆ. ಮರುದಿನ ಅವರು ತಂಗಿಯನ್ನು ನನ್ನ ಹತ್ತಿರ ಕರೆತಂದರು!

ಕೊನೆಯ ದಿನ ನೀವು ಬೇಗ ಹೊರಟುಬಿಟ್ಟಿರಿ. ತುಂಬಾ ಥ್ಯಾಂಕ್ಸ್ ಅಕ್ಕ. ಆ ಚಹಾದ ಬಾಕಿ ಹಾಗೇ ಇದೆ.