ಸೋಮವಾರದಿಂದ ಗುರಿ ಬರೆಯೋಣ

ಸದಸ್ಯರೇ,

ಸೋಮವಾರದಿಂದ ಪ್ರತಿಯೊಬ್ಬರೂ ತಮ್ಮ ಆರೋಗ್ಯದ ಗುರಿಯನ್ನು ನಮ್ಮ ಈ ಮೊಬೈಲ್ ಗುಂಪಿನಲ್ಲಿ ಬರೆಯಬಹುದು. ಒಂದೇ ಸಾಕು. ‘ತೂಕ ಇಳಿಸುತ್ತೇನೆ’ ಎಂದರೆ ನಾವು ವಿಚಾರಿಸುವುದಾದರೂ ಏನನ್ನು? ‘ರಾತ್ರಿ ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಚಪ್ಪಲಿ ಮೆಟ್ಟಿಕೊಂಡು 20 ನಿಮಿಷ ನಡೆಯುತ್ತೇನೆ’ ಎಂದರೆ ಮರುದಿನ ‘ನಡೆದಿರಾ?’ ಎಂದು ಕೇಳಬಹುದು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲ ವಾರವೇ ಅಷ್ಟನ್ನೂ ತಲೆಗೆ ಕಟ್ಟಿಕೊಳ್ಳಬೇಕಿಲ್ಲ.

ಗುರಿ ಘೋಷಿಸಿದ ಕೂಡಲೇ ಶಹಬ್ಬಾಸ್‌ಗಿರಿ ಬೇಡ. ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಂಕಲ್ಪವನ್ನು ಇತರರು ಗಮನಿಸಿದಾಗ ಅದರತ್ತ ಪಡುವ ಶ್ರಮ ಕಡಿಮೆಯಾಗಿತ್ತು. ಹೆಬ್ಬೆರಳಿನ ಚಿಹ್ನೆಯನ್ನು ವಾರದ ವರದಿಗೆ ಉಳಿಸಿಕೊಳ್ಳಿ.

ತಪ್ಪಿದ ದಿನವನ್ನೂ ಬರೆಯಿರಿ, ಕಾರಣ ಬೇಕಿಲ್ಲ. ಉಪದೇಶಕ್ಕೆ ಯಾರೂ ಇಳಿಯಬೇಡಿ, ಅದಕ್ಕೆ ಮನೆಯವರಿದ್ದಾರೆ. ರಕ್ತದೊತ್ತಡದ ಅಂಕಿ, ಸಕ್ಕರೆಯ ಪ್ರಮಾಣ, ವೈದ್ಯರ ಚೀಟಿ ಇವನ್ನು ಇಲ್ಲಿ ಹಾಕುವುದು ಬೇಡ. ಒಮ್ಮೆ ಹಾಕಿದ್ದು ಯಾರ ಮೊಬೈಲಿಗೆ ಹೋಗಿ ಮುಟ್ಟುತ್ತದೋ ಹೇಳಲಾಗದು. ಎಲ್ಲರೆದುರು ಹೇಳಲು ಮುಜುಗರವಿರುವವರು ಒಬ್ಬ ಸದಸ್ಯರನ್ನು ಜೊತೆಗೆ ಆರಿಸಿಕೊಂಡು ಅವರಿಗೇ ಬರೆಯಲಿ.

ವರದಿ ಭಾನುವಾರ ರಾತ್ರಿ 8ರೊಳಗೆ, ಎರಡು ಸಾಲಿನಲ್ಲಿ.