ಎರಡನೇ ಲೋಟದ ಕಾಫಿ

ಮೈಸೂರು
ಭಾನುವಾರ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾನು ಕ್ಷೇಮ. ನಿನ್ನ ಪರೀಕ್ಷೆ ಮುಗಿಯಲಿ ಅಂತ ಕಾದಿದ್ದೆ, ಅದಕ್ಕೇ ಕಾಗದ ತಡವಾಯಿತು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು.

ಹೋದ ತಿಂಗಳು ಊರಿಗೆ ಬಂದಾಗ ನಿಮ್ಮಮ್ಮನಿಗೆ ಒಂದು ಮಾತು ಹೇಳಿದೆಯಂತೆ. 'ಅಪ್ಪ ಹೋಗಿದ್ದನ್ನು ನೀನು ಇನ್ನೂ ಒಪ್ಪಿಕೊಂಡೇ ಇಲ್ಲ. ಇದಕ್ಕೆ ಡಿನಯಲ್ ಅಂತಾರೆ' ಅಂತ. ಸಂಜೆ ಅವಳು ಎರಡು ಲೋಟ ಕಾಫಿ ಬೆರೆಸಿದ್ದನ್ನು ನೋಡಿ ಹೇಳಿದ್ದು, ಅಲ್ವಾ? ಅವಳು ನನ್ನ ಹತ್ತಿರ ದೂರಲಿಲ್ಲ. 'ಡಿನಯಲ್ ಅಂದ್ರೆ ಏನಕ್ಕಾ?' ಅಂತ ಕೇಳಿದಳು, ಅಷ್ಟೇ. ಯಾವುದೋ ಹುಚ್ಚಿನ ಹೆಸರಿರಬೇಕು ಅಂದುಕೊಂಡಿದ್ದಾಳೆ.

ನೀನು ಮನಃಶಾಸ್ತ್ರ ತೆಗೆದುಕೊಂಡಾಗ ಎಲ್ಲರಿಗಿಂತ ಖುಷಿಪಟ್ಟವಳು ನಾನು. 28 ವರ್ಷ ಅದನ್ನೇ ಪಾಠ ಮಾಡಿದವಳು. ಆ ಋಣಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಡಾಕ್ಟರ್ ಫ್ರಾಯ್ಡ್ 1910ರಲ್ಲಿ ಒಂದು ಸಣ್ಣ ಲೇಖನ ಬರೆದ. ಗಂಡನಿಂದ ಬೇರೆಯಾದ, ನಲವತ್ತು ದಾಟಿದ ಒಬ್ಬ ಹೆಂಗಸು ವಿಪರೀತ ಭಯ, ಕಳವಳದಿಂದ ನರಳುತ್ತಿದ್ದಳು. ಅವಳು ಒಬ್ಬ ಎಳೆಯ ಡಾಕ್ಟರ ಹತ್ತಿರ ಹೋದಳು. ಆತ ಫ್ರಾಯ್ಡನ ವಿಚಾರಗಳನ್ನು ಒಂದಿಷ್ಟು ತಿಳಿದುಕೊಂಡಿದ್ದ. ಮೊದಲ ಭೇಟಿಯಲ್ಲೇ, ನಿನ್ನ ಕಾಯಿಲೆಗೆ ಕಾರಣ ತೀರದ ಕಾಮ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟ. ಅವಳ ಭಯ ಇನ್ನೂ ಜಾಸ್ತಿಯಾಯಿತು. ಗೆಳತಿಯೊಬ್ಬಳ ಜೊತೆ ಫ್ರಾಯ್ಡನಲ್ಲಿಗೆ ಬಂದಳು.

ಇಂಥದ್ದಕ್ಕೆ ಫ್ರಾಯ್ಡ್ ಕಾಡು ವಿಶ್ಲೇಷಣೆ ಅಂತ ಹೆಸರಿಟ್ಟ. ರೋಗಿಗೆ ಅವನ ಒಳಗಿನ ಗುಟ್ಟನ್ನು ಹೇಳಿಬಿಟ್ಟರೆ ವಾಸಿಯಾಗುತ್ತದೆ ಅಂದುಕೊಳ್ಳುವುದು, ಬರಗಾಲದಲ್ಲಿ ಹಸಿದವರ ಕೈಗೆ ತಿಂಡಿಯ ಪಟ್ಟಿ ಹಂಚಿದ ಹಾಗೆ ಅಂದ. ಹೇಳುವ ಮೊದಲು ಎರಡು ಆಗಿರಬೇಕು ಅಂತಲೂ ಬರೆದ. ಆ ಮನುಷ್ಯ ತಾನೇ ಆ ಸತ್ಯದ ಹತ್ತಿರಕ್ಕೆ ಬಂದಿರಬೇಕು. ಹೇಳುವವನ ಮೇಲೆ ಅವನಿಗೆ ಓಡಿಹೋಗದಷ್ಟು ನಂಟು ಬೆಳೆದಿರಬೇಕು. ಈ ಲೇಖನ ಕೆಲವೇ ಪುಟ ಇದೆ. ಲೈಬ್ರರಿಯಲ್ಲಿ ಹುಡುಕಿ ಓದು ಪುಟ್ಟಿ.

ನಾನೂ ನಿನ್ನ ವಯಸ್ಸಿನಲ್ಲಿ ಇದೇ ತಪ್ಪು ಮಾಡಿದ್ದೆ. ನಮ್ಮಜ್ಜಿ ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುತ್ತಿದ್ದರು. ತೊಳೆದ ಪಾತ್ರೆಯನ್ನೇ ಮತ್ತೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಎಂ.ಎ. ಮೊದಲ ವರ್ಷದಲ್ಲಿದ್ದ ನಾನು ಅವರೆದುರು ಕೂತು ಗೀಳಿನ ಬಗ್ಗೆ ಪಾಠ ಒಪ್ಪಿಸಿದೆ. ಅಜ್ಜಿ ಸುಮ್ನೆ ಕೇಳಿಸಿಕೊಂಡರು. ಆಮೇಲೆ ನನ್ನ ಹತ್ತಿರ ಹಳೆಯ ಕಥೆ ಹೇಳುವುದನ್ನೇ ನಿಲ್ಲಿಸಿದರು. ಅವರ ಎರಡು ಮಕ್ಕಳು ಒಂದೇ ವಾರದಲ್ಲಿ ಕಾಲರಾಕ್ಕೆ ಹೋಗಿದ್ದವು ಅಂತ ನನಗೆ ಗೊತ್ತಾದದ್ದು ಅವರ ತಿಥಿಯ ದಿನ, ಅಮ್ಮನ ಬಾಯಿಂದ. ಕೇಳಿದ್ದರೆ ಅಜ್ಜಿಯೇ ಹೇಳುತ್ತಿದ್ದರೇನೋ. ನಾನು ಕೇಳಲೇ ಇಲ್ಲ.

ಈಗ ಕಾಫಿಯ ವಿಷಯಕ್ಕೆ ಬರುತ್ತೇನೆ. ನೀನು ನೋಡಿದ್ದು ಒಂದು ಸಂಜೆ. ನಾನು ಈ ಎಂಟು ತಿಂಗಳಲ್ಲಿ ನಾಲ್ಕು ಸಲ ಹೋಗಿ ಇದ್ದು ಬಂದಿದ್ದೇನೆ. ಮೊದಲ ಸಲ ಹೋದಾಗ ಅವಳು ಎರಡು ಲೋಟ ಬೆರೆಸಿ, ಸಕ್ಕರೆ ಹಾಕದ್ದನ್ನು ನಿಮ್ಮಪ್ಪನ ಕುರ್ಚಿಯ ಪಕ್ಕ ಕಿಟಕಿಯ ಹತ್ತಿರ ಇಡುತ್ತಿದ್ದಳು. ರಾತ್ರಿ ಮಲಗುವ ತನಕ ಅದು ಅಲ್ಲೇ ಇರುತ್ತಿತ್ತು, ಮೇಲೆ ಕೆನೆ ಕಟ್ಟಿಕೊಂಡು. ಅದನ್ನು ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಎರಡು ತಿಂಗಳ ಮೇಲೆ ಹೋದಾಗ, ದೀಪ ಹಚ್ಚುವ ಹೊತ್ತಿಗೆ ತಾನೇ ತೆಗೆದುಕೊಂಡು ಹೋಗಿ ದಾಸವಾಳದ ಬುಡಕ್ಕೆ ಸುರಿದಳು. ಮೊನ್ನೆ ಏನು ಮಾಡಿದಳು ಗೊತ್ತಾ? ತನ್ನ ಕಾಫಿ ಕುಡಿದಳು. ಸ್ವಲ್ಪ ಹೊತ್ತು ಆ ಲೋಟವನ್ನೇ ನೋಡಿದಳು. ಆಮೇಲೆ ಎತ್ತಿಕೊಂಡು ಅದನ್ನೂ ಕುಡಿದಳು. 'ಹೇಗೆ ಕುಡೀತಿದ್ರೋ ಈ ಕಹೀನ' ಅಂದಳು. ಅಷ್ಟೊತ್ತಿಗೆ ಅಳು ಬಂತು.

ಇದು ಒಪ್ಪಿಕೊಳ್ಳದವಳು ಮಾಡುವ ಕೆಲಸವಾ, ನೀನೇ ಹೇಳು. 1917ರಲ್ಲಿ ಅಚ್ಚಾದ 'ಶೋಕ ಮತ್ತು ವಿಷಾದ' ಅನ್ನುವ ಬರಹದಲ್ಲಿ ಫ್ರಾಯ್ಡ್ ಇದನ್ನೇ ವಿವರಿಸುತ್ತಾನೆ. ಹೋದವರು ಹೋದರು ಅಂತ ಕಣ್ಣು ಹೇಳುತ್ತದೆ. ಮನಸ್ಸು ಒಂದೇ ಸಲಕ್ಕೆ ಕೇಳುವುದಿಲ್ಲ. ಒಂದೊಂದು ನೆನಪನ್ನೂ ಎತ್ತಿಕೊಂಡು, ಮುಟ್ಟಿ ನೋಡಿ, ಬಿಡಿಸಿಕೊಳ್ಳುತ್ತಾ ಹೋಗಬೇಕು. ಅದಕ್ಕೆ ಕಾಲ ಬೇಕು, ತುಂಬಾ ನೋವೂ ಆಗುತ್ತದೆ. ಶೋಕ ಕಾಯಿಲೆಯಲ್ಲ, ನಡುವೆ ಕೈ ಹಾಕುವುದು ವ್ಯರ್ಥ, ಕೆಡುಕೂ ಆಗಬಹುದು ಅಂತ ಅಲ್ಲೇ ಬರೆದಿದ್ದಾನೆ.

ಫ್ರಾಯ್ಡ್ ಹೇಳಿದ್ದೆಲ್ಲ ನಾನು ಒಪ್ಪುವುದಿಲ್ಲ. ಹೆಂಗಸರ ಬಗ್ಗೆ ಬರೆದದ್ದರಲ್ಲಿ ಎಷ್ಟೋ ತಪ್ಪಿದೆ. ಆದರೆ ಆತನ ತಾಳ್ಮೆ ನನಗೆ ತುಂಬಾ ಇಷ್ಟ. ಹ್ಯಾಂಬರ್ಗಿನಲ್ಲಿ ಮಗಳು ಸೋಫಿಯ ಮನೆಯಲ್ಲಿ ಇದ್ದಾಗ, ಒಂದೂವರೆ ವರ್ಷದ ಮೊಮ್ಮಗ ದಾರ ಕಟ್ಟಿದ ಮರದ ಉರುಳೆ ಹಿಡಿದು ಆಡುವುದನ್ನು ನೋಡಿದ. ಮಗು ಅದನ್ನು ಮಂಚದ ಪರದೆಯಾಚೆ ಎಸೆದು 'ಓ-ಓ-ಓ' ಅನ್ನುತ್ತಿತ್ತು. ಜರ್ಮನ್ ಮಾತಿನ 'ಹೋಯ್ತು' ಅದು. ಮತ್ತೆ ದಾರ ಎಳೆದು 'ಡಾ!' ಅಂತ ಖುಷಿಯಿಂದ ಕೂಗುತ್ತಿತ್ತು. ಬಂತು, ಇಲ್ಲೇ ಇದೆ ಅಂತ. ಅಮ್ಮ ಹೊರಗೆ ಹೋದಾಗ ಅಳದ ಮಗು ಅದು. ಅಮ್ಮ ಹೋಗುವುದನ್ನೂ ಬರುವುದನ್ನೂ ತನ್ನ ಕೈಯಾರೆ ಆಡಿ ತಾಳಿಕೊಳ್ಳುತ್ತಿದೆ ಅಂತ ಫ್ರಾಯ್ಡನಿಗೆ ಹೊಳೆಯಿತು. ಥಟ್ಟನೆ ಹೊಳೆದದ್ದಲ್ಲ. ಒಂದೇ ಸೂರಿನ ಕೆಳಗೆ ಕೆಲವು ವಾರ ಇದ್ದು, ದಿನಾ ನೋಡಿದ ಮೇಲೆ.

ನಿನಗೂ ಅಮ್ಮ ಈ ಆಟ ಆಡಿಸುತ್ತಿದ್ದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ನೀನು ಇನ್ನೇನು ಅಳಬೇಕು ಅನ್ನುವಷ್ಟರಲ್ಲಿ ಸೆರಗು ತೆಗೆಯುತ್ತಿದ್ದಳು.

ಆ ಸೋಫಿ 1920ರಲ್ಲಿ ಜ್ವರದಿಂದ ತೀರಿಕೊಂಡಳು. 26 ವರ್ಷ. ಒಂಬತ್ತು ವರ್ಷ ಕಳೆದ ಮೇಲೆ, ಅವಳು ಇದ್ದಿದ್ದರೆ 36 ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡ ಗೆಳೆಯನೊಬ್ಬನಿಗೆ ಫ್ರಾಯ್ಡ್ ಕಾಗದ ಬರೆದ. ಆ ಜಾಗ ಯಾವತ್ತೂ ತುಂಬುವುದಿಲ್ಲ, ತುಂಬಿದರೂ ಅದು ಬೇರೆಯದೇ ಆಗಿರುತ್ತದೆ, ಹಾಗಿರುವುದೇ ಸರಿ, ನಾವು ಬಿಡಲೊಲ್ಲದ ಪ್ರೀತಿ ಉಳಿಯುವುದು ಹಾಗೇ ಅಂತ. ಶೋಕ ಒಂದು ದಿನ ಮುಗಿಯುತ್ತದೆ ಅಂತ ಶಾಸ್ತ್ರ ಬರೆದವನ ಮಾತು ಇದು. ನಾನು ಇದನ್ನು ಪಾಠ ಮಾಡುವಾಗಲೆಲ್ಲ ಗಂಟಲು ಕಟ್ಟುತ್ತಿತ್ತು.

ಇನ್ನೊಂದು ಮಾತು. ನಿನ್ನ ನೋಟ್ಸಿನಲ್ಲಿ ಮನಸ್ಸಿನ ಭಾಗಗಳಿಗೆ ಇಡ್, ಈಗೋ ಅಂತ ಹೆಸರಿರುತ್ತೆ. ಆ ಲ್ಯಾಟಿನ್ ಪದಗಳನ್ನು ತಂದವರು ಇಂಗ್ಲಿಷಿಗೆ ಅನುವಾದಿಸಿದವರು. ಫ್ರಾಯ್ಡ್ ಬರೆದದ್ದು ಮನೆಮಾತಿನ ಪದ: 'ಅದು' ಮತ್ತು 'ನಾನು'. ಕನ್ನಡದವರಿಗೆ ಇದು ಕಷ್ಟವೇ ಇಲ್ಲ. ನನಗೆ ಸಿಟ್ಟು ಬಂತು ಅನ್ನುತ್ತೇವೆ. ಅಳು ಬಂತು, ನಿದ್ದೆ ಬಂತು, ನೆನಪಾಯ್ತು. ಅವು ಕರೆಯದೆ ಬರುತ್ತವೆ, ನಾವು ಬಾಗಿಲು ತೆಗೆಯುತ್ತೇವೆ, ಇಲ್ಲವೇ ಅಗುಳಿ ಹಾಕುತ್ತೇವೆ. ಅಗುಳಿ ಹಾಕಿದವರೆಲ್ಲ ಸುಳ್ಳುಗಾರರಲ್ಲ. ಫ್ರಾಯ್ಡನ ಮಗಳು ಆನಾ 1936ರಲ್ಲಿ ಈ ಅಗುಳಿಗಳ ಬಗ್ಗೆಯೇ ಒಂದು ಪುಸ್ತಕ ಬರೆದಳು. ನಿನ್ನ ಡಿನಯಲ್ಲೂ ಅದರಲ್ಲಿದೆ. ಅವಳು ಅವುಗಳನ್ನು ರಕ್ಷಣೆ ಅಂತ ಕರೆದಳು. ಆ ಪದವನ್ನು ಪದವಾಗಿಯೇ ತೆಗೆದುಕೋ. ಒಳಗೆ ಯಾರೋ ಹೆದರಿ ಕೂತಿದ್ದಾರೆ ಅಂತ ಅದರ ಅರ್ಥ.

ಮನೋವಿಶ್ಲೇಷಕರಾಗುವವರು ಮೊದಲು ತಾವೇ ವಿಶ್ಲೇಷಣೆಗೆ ಒಳಗಾಗಬೇಕು ಅನ್ನುವ ನಿಯಮ ಬಂದದ್ದೂ ಸುಮ್ನೆ ಅಲ್ಲ. ನಿಮ್ಮಪ್ಪ ಹೋದ ಹದಿನಾಲ್ಕನೇ ದಿನ ನೀನು ಹಾಸ್ಟೆಲ್‌ಗೆ ಹೊರಟೆ. ಅವರ ಹಳೆಯ ವಾಚನ್ನು ಬ್ಯಾಗಿನೊಳಗೆ ಇಟ್ಟುಕೊಂಡಿದ್ದನ್ನು ನೋಡಿದೆ. ಅದು ಈಗಲೂ ನಡೆಯುತ್ತಿದೆಯಾ? ನಾನು ಅದಕ್ಕೆ ಯಾವ ಹೆಸರೂ ಇಡುವುದಿಲ್ಲ. ನೀನು ಹೇಳಬೇಕು ಅನ್ನಿಸಿದ ದಿನ ಕೇಳುತ್ತೇನೆ, ರಾತ್ರಿ ಎಷ್ಟು ಹೊತ್ತಾದರೂ ಸರಿ.

ದೀಪಾವಳಿಗೆ ಒಂದು ದಿನ ಮೊದಲೇ ಬಾ. ಅಮ್ಮನ ಹತ್ತಿರ ಡಿನಯಲ್ ವಿಷಯ ಎತ್ತಬೇಡ, ಕ್ಷಮೆ ಕೇಳುತ್ತೇನೆ ಅಂತ ದೊಡ್ಡದಾಗಿಯೂ ಮಾಡಬೇಡ. ಸಂಜೆ ಅವಳು ಡಿಕಾಕ್ಷನ್ ಇಳಿಸುವಾಗ ಅಡುಗೆಮನೆಯಲ್ಲಿ ಹೋಗಿ ಕೂತುಕೋ. ಅಪ್ಪ ಸಕ್ಕರೆ ಬಿಟ್ಟದ್ದು ಯಾವಾಗ, ಮೊದಮೊದಲು ಎಷ್ಟು ರೇಗುತ್ತಿದ್ದರು ಅಂತ ಕೇಳು. ಅದು ಅವಳಿಗೆ ಚೆನ್ನಾಗಿ ನೆನಪಿದೆ.

ಇತಿ,
ನಿನ್ನ ದೊಡ್ಡಮ್ಮ