ಇದು ಮುದ್ರಣ ದೋಷವಲ್ಲ, ಓದದೆ ಕೊಂಡ ದೋಷ

ಮಾನ್ಯ ಸಂಪಾದಕರೇ,

ಶಾಲಾ ಗ್ರಂಥಾಲಯಗಳಿಗೆ ಬಂದಿರುವ ಸಾಮಾನ್ಯ ಜ್ಞಾನದ ಪುಸ್ತಕಮಾಲೆಯ ಕುರಿತು ಮಂಗಳವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ವರದಿ ಓದಿದೆ. ‘ಒಂದೆರಡು ಮುದ್ರಣ ದೋಷಗಳು ನುಸುಳಿವೆ’ ಎಂದು ಹೇಳಿ ಅಧಿಕಾರಿಗಳು ಕೈ ತೊಳೆದುಕೊಂಡಿದ್ದಾರೆ. ಆ ಒಂದು ಸಾಲು ಓದಿ ಮೈಯೆಲ್ಲ ಉರಿಯಿತು. ಅದೇ ಪುಸ್ತಕಗಳು ನನ್ನ ಮಗಳ ಶಾಲೆಗೂ ಬಂದಿವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯಾಗಿ ಬೀರುವಿನಿಂದ ತೆಗೆಸಿ, ಮನೆಗೆ ತಂದು, ರಾತ್ರಿ ಕುಳಿತು ಓದಿದ್ದೇನೆ. ಮುದ್ರಣ ದೋಷ ಎಂದರೆ ಅಕ್ಷರ ತಪ್ಪುವುದು, ದೀರ್ಘ ಬಿಟ್ಟುಹೋಗುವುದು. ಇಲ್ಲಿ ಆಗಿರುವುದು ಅದಲ್ಲ.

ಸೌರಮಂಡಲದ ಸಂಪುಟದಲ್ಲಿ ಗ್ರಹಗಳು ಒಂಬತ್ತು. ಪ್ಲೂಟೊ ಗ್ರಹವಲ್ಲ, ಕುಬ್ಜ ಗ್ರಹ ಎಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ತೀರ್ಮಾನಿಸಿದ್ದು 2006ರಲ್ಲಿ. ಕರ್ನಾಟಕದ ಸಂಪುಟದಲ್ಲಿ ಜಿಲ್ಲೆಗಳು 27. ರಾಮನಗರ, ಚಿಕ್ಕಬಳ್ಳಾಪುರ ಜಿಲ್ಲೆಗಳಾದದ್ದು 2007ರಲ್ಲಿ, ಯಾದಗಿರಿ 2009ರಲ್ಲಿ, ವಿಜಯನಗರ 2021ರಲ್ಲಿ. ಈಗ 31 ಜಿಲ್ಲೆಗಳಿವೆ. ಇನ್ನು ಭಾರತದ ಸಂಪುಟ. ಅದರಲ್ಲಿ 28 ರಾಜ್ಯಗಳು ಎಂದಿದೆ. ಸಂಖ್ಯೆಯನ್ನಷ್ಟೇ ನೋಡಿದವರಿಗೆ ಸರಿ ಎನಿಸುತ್ತದೆ, ಏಕೆಂದರೆ ಈಗಲೂ ರಾಜ್ಯಗಳು 28. ಪಟ್ಟಿಯನ್ನು ಓದಿದರೆ ಮಾತ್ರ ಗೊತ್ತಾಗುತ್ತದೆ: ತೆಲಂಗಾಣದ ಹೆಸರೇ ಇಲ್ಲ, ಜಮ್ಮು ಮತ್ತು ಕಾಶ್ಮೀರ ರಾಜ್ಯವಾಗಿಯೇ ಉಳಿದಿದೆ, ಉತ್ತರಾಖಂಡ ಇನ್ನೂ ಉತ್ತರಾಂಚಲ! ಆಯ್ಕೆ ಮಾಡಿದವರು ಪಟ್ಟಿ ಓದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಕ್ಕಿಗಳ ಸಂಪುಟವನ್ನಂತೂ ನೋಡಲಾಗಲಿಲ್ಲ. ‘ನಮ್ಮ ರಾಜ್ಯಪಕ್ಷಿ ನೀಲಕಂಠ’ ಎಂಬ ಶೀರ್ಷಿಕೆಯ ಕೆಳಗೆ ಇಡೀ ಪುಟದ ಬಣ್ಣದ ಚಿತ್ರವಿದೆ. ಕಂದು ತಲೆ, ಬಿಳಿ ಎದೆ, ಉದ್ದನೆಯ ಕೆಂಪು ಕೊಕ್ಕು. ಗದ್ದೆ ಬದಿಯ ಕರೆಂಟು ತಂತಿಯ ಮೇಲೆ ಕೂರುವ ಮಿಂಚುಳ್ಳಿಯನ್ನು ಕಂಡ ಯಾವ ಮಗುವಾದರೂ ಇದು ನೀಲಕಂಠವಲ್ಲ ಎಂದು ಹೇಳೀತು. ಮುಂದಿನ ಪುಟಗಳಲ್ಲಿ ಹಿಮದಲ್ಲಿ ಕುಳಿತ ವಿದೇಶದ ಹಕ್ಕಿಗಳೇ ತುಂಬಿವೆ. ನಮ್ಮ ಹಿತ್ತಲಿಗೆ ಬರುವ ಮಡಿವಾಳಕ್ಕಾಗಲಿ, ಪಿಕಳಾರಕ್ಕಾಗಲಿ ಒಂದು ಸಾಲೂ ಇಲ್ಲ.

ಹೀಗೇಕಾಯಿತು ಎಂದು ಹುಡುಕಿದಾಗ, ಒಳಪುಟದಲ್ಲಿ ಮುದ್ರಣದ ವಿವರ ಇರಬೇಕಾದ ಜಾಗದಲ್ಲಿ ಬೆಲೆಯ ಚೀಟಿ ಅಂಟಿಸಿರುವುದು ಕಂಡಿತು. ಉಗುರಿನಿಂದ ಕಿತ್ತು ನೋಡಿದೆ. ಕೆಳಗೆ ‘ಮೊದಲ ಮುದ್ರಣ 2004’ ಎಂದಿತ್ತು. ಹಳೆಯ ಹಾಳೆಗಳಿಗೆ ಹೊಸ ರಕ್ಷಾಪುಟ ಹಾಕಿ, ಹೊಸ ಬೆಲೆ ಅಂಟಿಸಿ ಮಾರಿದ್ದಾರೆ. ಮಾರುವವರು ಮಾರುತ್ತಾರೆ, ಕೊಳ್ಳುವವರಿಗೆ ಕಣ್ಣಿರಲಿಲ್ಲವೇ? ಈ ಸಂಪುಟಗಳಲ್ಲಿ ಬರೆದವರ ಹೆಸರು ಎಲ್ಲಿಯೂ ಇಲ್ಲ, ‘ಸಂಪಾದಕ ಮಂಡಳಿ’ ಎಂದಷ್ಟೇ ಇದೆ. ಕೊನೆಯಲ್ಲಿ ಪದಸೂಚಿಯೂ ಇಲ್ಲ. ಆಯ್ಕೆಯ ಸಭೆಗೆ ಮಾದರಿಯಾಗಿ ಬಂದದ್ದು ಮಣ್ಣಿನ ಬಗೆಗಿನ ಒಂದು ಸಂಪುಟ ಮಾತ್ರ ಎಂದು ಶಿಕ್ಷಕರೇ ಹೇಳುತ್ತಾರೆ. ಅದು ನಿಜಕ್ಕೂ ಚೆನ್ನಾಗಿದೆ. ಬರೆದವರ ಹೆಸರಿದೆ, ಚಿತ್ರಗಳೂ ಸರಿಯಾಗಿವೆ. ಅದೊಂದನ್ನು ನೋಡಿ ಇಡೀ ಮಾಲೆಗೆ ಒಪ್ಪಿಗೆ ಹಾಕಿದ್ದಾರೆ. ನಾನು ಹೊಲಿಗೆ ಅಂಗಡಿ ನಡೆಸುವವಳು. ಮೇಲಿನ ಒಂದು ಮಡಿಕೆ ನೋಡಿ ಇಡೀ ಥಾನು ಬಟ್ಟೆ ತರುವವರು ನಮ್ಮಲ್ಲಿ ಯಾರೂ ಇಲ್ಲ. ಮಾಲೆ ಎಂದ ಮಾತ್ರಕ್ಕೆ ಎಲ್ಲ ಸಂಪುಟಗಳೂ ಒಂದೇ ಗುಣದವು ಆಗುವುದಿಲ್ಲ, ಒಂದೊಂದನ್ನೂ ಬೇರೆಯಾಗಿಯೇ ಓದಿ ನೋಡಬೇಕು.

ಇದರ ಫಲ ಉಂಡದ್ದು ನನ್ನ ಮಗಳು. ಏಳನೇ ತರಗತಿಯವಳು, ಈ ಪುಸ್ತಕಗಳನ್ನೇ ನಂಬಿ ಕ್ಲಸ್ಟರ್ ಮಟ್ಟದ ರಸಪ್ರಶ್ನೆಗೆ ತಯಾರಾಗಿದ್ದಳು. ಜಿಲ್ಲೆಗಳ ಪ್ರಶ್ನೆಗೆ 27 ಎಂದಳು. ಸಭೆಯಲ್ಲಿ ಎಲ್ಲರೂ ನಕ್ಕರಂತೆ. ಮನೆಗೆ ಬಂದು ‘ಪುಸ್ತಕದಲ್ಲಿ ಹಾಗೇ ಇದೆಯಲ್ಲಮ್ಮ’ ಎಂದು ತೋರಿಸಿ ಅತ್ತಳು. ದೂರು ಕೊಡಲು ಸಂತೆಯ ದಿನ, ಅದೂ ಹಬ್ಬದ ಹೊಲಿಗೆ ರಾಶಿ ಬಿದ್ದಿರುವಾಗ, ಅಂಗಡಿ ಮುಚ್ಚಿ ಕಚೇರಿಗೆ ಹೋದೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಎಂದು ಮಧ್ಯಾಹ್ನದವರೆಗೆ ಕೂರಿಸಿದರು. ಆಮೇಲೆ ಊಟಕ್ಕೆ ಹೋದರು. ಸಂಜೆ ಗುಮಾಸ್ತರೊಬ್ಬರು, ‘ದೂರು ಮುಖ್ಯಶಿಕ್ಷಕರ ಮೂಲಕ ಬರಬೇಕು’ ಎಂದು ನನ್ನ ಅರ್ಜಿಯನ್ನೇ ಹಿಂದಿರುಗಿಸಿದರು. ಮುಖ್ಯಶಿಕ್ಷಕರನ್ನು ಕೇಳಿದರೆ, ‘ಮೇಲಿನಿಂದ ಬಂದ ಪುಸ್ತಕ, ನಮ್ಮ ಕೈಯಲ್ಲಿ ಏನಿದೆ ಅಮ್ಮಾ’ ಎನ್ನುತ್ತಾರೆ. ಗ್ರಾಹಕರ ಮಾತು ಕೇಳಿದ್ದೂ ನಾನೇ, ರಾತ್ರಿಯೆಲ್ಲ ಕುಳಿತು ಹೊಲಿದದ್ದೂ ನಾನೇ.

ಇದೇ ಕಚೇರಿ ಹಿಂದೆ ಮಕ್ಕಳಿಗೆ ಅಳತೆಯನ್ನೇ ಕೇಳದೆ ಶೂ ತರಿಸಿತ್ತು. ವಿಜ್ಞಾನದ ಸಾಮಗ್ರಿಯ ಪೆಟ್ಟಿಗೆ ಇನ್ನೂ ಬಿಚ್ಚದೆ ಸ್ಟಾಫ್ ರೂಮಿನ ಮೂಲೆಯಲ್ಲಿದೆ. ಊರಿನ ಸಾರ್ವಜನಿಕ ಗ್ರಂಥಾಲಯದ ಕಥೆಯೂ ಬೇರೆಯಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಮ್ಮಿಂದ ತಪ್ಪದೆ ವಸೂಲಿ ಮಾಡುತ್ತಾರೆ. ಅಲ್ಲಿನ ಮಕ್ಕಳ ವಿಭಾಗಕ್ಕೆ ಬೀಗ ಬಿದ್ದು ಎಷ್ಟೋ ಕಾಲವಾಗಿದೆ. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಗಳ ದರ್ಜೆಗೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನವಿದೆ. ಸಣ್ಣ ಮೊತ್ತವೇ ಇರಬಹುದು, ಅದಕ್ಕೇ ಒಂದೊಂದು ರೂಪಾಯಿಯೂ ಮುಖ್ಯ.

ಮಕ್ಕಳಿಗೆ ಜ್ಞಾನದ ಪುಸ್ತಕ ಕೊಡುವುದು ಕನ್ನಡಕ್ಕೆ ಹೊಸತೇನಲ್ಲ. 1936ರಲ್ಲೇ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಬಂತು. ಆ ಪುಸ್ತಕಗಳಿಗೆ ಹೊಣೆ ಹೊತ್ತವರು ತಮ್ಮ ಹೆಸರು ಹಾಕಿಕೊಂಡಿದ್ದರು. ಹೆಸರೇ ಇಲ್ಲದ ಪುಸ್ತಕದ ತಪ್ಪಿಗೆ ನಾವು ಯಾರನ್ನು ಕೇಳಬೇಕು?

ಈ ಮಾಲೆಯನ್ನು ಕೂಡಲೇ ಎಲ್ಲ ಶಾಲೆಗಳಿಂದ ಹಿಂದಕ್ಕೆ ಪಡೆಯಬೇಕು. ಹಿಂದಕ್ಕೆ ಪಡೆದು ಗೋದಾಮಿಗೆ ತುಂಬಿದರೆ ಸಾಲದು, ಯಾರು ಓದಿ ಸಹಿ ಹಾಕಿದರು ಎನ್ನುವುದನ್ನು ಜನರಿಗೆ ಹೇಳಬೇಕು. ಮುಂದೆ ಪುಸ್ತಕ ಕೊಳ್ಳುವಾಗ ಶಿಕ್ಷಕರು ಪ್ರತಿ ಸಂಪುಟವನ್ನೂ ಓದಬೇಕು, ಮಕ್ಕಳ ಕೈಗೂ ಕೊಟ್ಟು ನೋಡಬೇಕು. ಗ್ರಂಥಾಲಯದ ಬೀಗವನ್ನೂ ತೆಗೆಯಬೇಕು. ಅರ್ಜಿ ಹಿಡಿದು ಬಂದವರನ್ನು ದಿನವಿಡೀ ಬೆಂಚಿನ ಮೇಲೆ ಕೂರಿಸುವುದನ್ನು ನಿಲ್ಲಿಸಬೇಕು. ಮುದ್ರಣ ದೋಷವಂತೆ! ಮಕ್ಕಳ ಮುಂದೆ ನಿಂತು ಈ ಮಾತು ಹೇಳಲು ಆ ಅಧಿಕಾರಿಗಳಿಗೆ ನಾಚಿಕೆಯಾಗಬೇಕು.

– ನೊಂದ ಪೋಷಕಿ, ಎಸ್‌ಡಿಎಂಸಿ ಸದಸ್ಯೆ